ಹಾಲುಮಣಿ

ಹಲ್ಲಿಗೆ ತಾಗಿಸಿ ನೋಡದೆ ಇದ್ದಿದ್ದರೆ ಇದೂ ಉಳಿದ ದಿನಗಳ ಹಾಗೆ ಕಳೆದುಹೋಗುತ್ತಿತ್ತು. ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟಿದ್ದ ಮಣಿಗಳನ್ನು ದಾನೇಶ್ವರಿ ತಟ್ಟೆಗೆ ಸುರುವಿಕೊಂಡು, ಉಪ್ಪುಕಾಗದದಿಂದ ಉಜ್ಜಬೇಕಾದವನ್ನು ಒಂದು ಕಡೆ, ಕಂದುಬಣ್ಣ ಸವರಿ ಒರೆಸಬೇಕಾದವನ್ನು ಇನ್ನೊಂದು ಕಡೆ ಮಾಡುತ್ತಿದ್ದಳು. ಎಲ್ಲವೂ ಅವಳೇ ಪಾಲಿಮರ್ ಕ್ಲೇ ಎಂಬ ಪ್ಲಾಸ್ಟಿಕ್ ಹಿಟ್ಟನ್ನು ನಾದಿ, ಲಟ್ಟಿಸಿ, ಪದರದ ಮೇಲೆ ಪದರವಿಟ್ಟು ಸುರುಳಿ ಸುತ್ತಿ, ಚಿಕ್ಕ ಓವನ್ನಿನಲ್ಲಿ ಬೇಯಿಸಿದವು. ಕಲ್ಲಾಗಿಹೋದ ಶಂಖದಹುಳ, ಕಲ್ಲಾಗಿಹೋದ ಹವಳ, ಕಲ್ಲಾಗಿಹೋದ ಎಲೆ ಎಂದು ನೋಡಿದವರು ನಂಬಬೇಕು, ಹಾಗೆ. ನಂಬಿದವರಿಗೆ ಅವಳೇ ಮುಂದಾಗಿ ಇದು ನಕಲಿ ಎಂದು ಹೇಳಿಬಿಡುತ್ತಿದ್ದಳು. ಫೋನಿನಲ್ಲಿ ಕೊಳ್ಳುವ ದೂರದೂರಿನ ಹುಡುಗಿಯರಿಗೂ ಅದನ್ನೇ ಬರೆಯುತ್ತಿದ್ದಳು, ಆ ಒಂದು ವಿಷಯದಲ್ಲಿ ತಾನು ಶುದ್ಧ ಎಂಬ ಸಣ್ಣ ಜಂಬವೂ ಅವಳಿಗಿತ್ತು. ಆದರೆ ತಟ್ಟೆಯಲ್ಲಿದ್ದ ಒಂದು ಬಿಳಿ ಮಣಿ ಬೆರಳಿಗೆ ತಣ್ಣಗೆ ಹತ್ತಿತು. ಕ್ಲೇ ತಣ್ಣಗಿರುವುದಿಲ್ಲ, ಹಿಡಿದ ಕೂಡಲೇ ಹಿಡಿದವರ ಬಿಸಿಯನ್ನು ತೆಗೆದುಕೊಂಡುಬಿಡುತ್ತದೆ. ಅವಳು ಅದನ್ನು ಮುಂದಿನ ಹಲ್ಲಿಗೆ ತಾಗಿಸಿದಳು. ಟಕ್ ಎಂದಿತು. ಇನ್ನೊಮ್ಮೆ ತಾಗಿಸಿದಳು, ಇನ್ನೊಮ್ಮೆಯೂ ಅದೇ ಸದ್ದು. ಕಲ್ಲು. ಅತ್ತೆಯ ಹಾಲುಮಣಿ. ಹೋದ ವಾರದಿಂದ ಲಿಂಗಸುಗೂರಿನಲ್ಲಿ, ಗಂಡನ ಅಕ್ಕನ ಮಗಳಾದ ಹಸಿ ಬಾಣಂತಿ ಐಶ್ವರ್ಯಳ ಕೊರಳಲ್ಲಿ ಇರಬೇಕಾದದ್ದು ಇಲ್ಲಿ ಸಿಂಧನೂರಿನ ಅಡುಗೆಮನೆಯ ಕಟ್ಟೆಯ ಮೇಲೆ ಇತ್ತು. ಹಾಗಾದರೆ ಐಶ್ವರ್ಯಳ ಕೊರಳಲ್ಲಿ ಇರುವುದು ತಾನು ಮಾಡಿದ ನಕಲಿ. ಕೈಯಲ್ಲಿದ್ದದ್ದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಅವಳು ಅದನ್ನು ಸಕ್ಕರೆ ಡಬ್ಬಿಯೊಳಗೆ ಇಟ್ಟಳು, ಮತ್ತೆ ತೆಗೆದಳು.

ಆ ಮಣಿ ಅತ್ತೆ ವೀರಭದ್ರಮ್ಮನ ಅಜ್ಜಿಗೆ ಮಸ್ಕಿ ಗುಡ್ಡದ ಕೆಳಗಿನ ಹೊಲದಲ್ಲಿ, ಮಳೆ ಬಂದು ಮಣ್ಣು ತೊಳೆದ ಮಾರನೆಯ ದಿನ ಸಿಕ್ಕಿತ್ತಂತೆ. ನೆಲ್ಲಿಕಾಯಿಗಿಂತ ಚಿಕ್ಕದು, ಹಾಲಿನ ಕೆನೆಯ ಬಣ್ಣ, ಮಗ್ಗುಲಲ್ಲಿ ಶಂಖದ ಸಣ್ಣ ಸುರುಳಿ. ಸಮುದ್ರವಿಲ್ಲದ ಊರಿಗೆ ಯಾವ ಕಾಲದ ಯಾರು ಅದನ್ನು ತಂದರೋ. ಮನೆತನದಲ್ಲಿ ಯಾರು ಹಡೆದರೂ ಕರಿದಾರದಲ್ಲಿ ಪೋಣಿಸಿದ ಆ ಮಣಿ ಅವರ ಕೊರಳಿಗೆ ಹೋಗುತ್ತಿತ್ತು. ಮೊದಲು ಮಣಿಯನ್ನು ಹಾಲಿನಲ್ಲಿ ಅದ್ದಿ ಕೂಸಿನ ತುಟಿಗೆ ಮುಟ್ಟಿಸುವುದು, ಆಮೇಲೆ ತಾಯಿಗೆ ಕಟ್ಟುವುದು. ಪ್ರಿಯಾಂಕಾಳನ್ನು ರಾಯಚೂರಿನ ಶಿಶುಗೃಹದಿಂದ ದತ್ತು ತೆಗೆದುಕೊಂಡು ಕರೆತಂದ ದಿನ ಮನೆತುಂಬ ಮಂದಿ ಸೇರಿದ್ದರು. ಆರು ತಿಂಗಳ ಕೂಸು, ಅಲ್ಲಿಯವರು ಇಟ್ಟ ಹೆಸರನ್ನೇ ಉಳಿಸಿಕೊಂಡಿದ್ದರು. ದಾನೇಶ್ವರಿ ಗಿಳಿಹಸಿರಿನ ಇಳಕಲ್ ಸೀರೆಯುಟ್ಟು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಮಣೆಯ ಮೇಲೆ ಕೂತಿದ್ದಳು, ಕೊರಳನ್ನು ತುಸು ಮುಂದೆ ಮಾಡಿಕೊಂಡೇ ಕೂತಿದ್ದಳು. ಅದು ನೆನಪಾದಾಗಲೆಲ್ಲ ಈಗಲೂ ಕಿವಿ ಬಿಸಿಯಾಗುತ್ತದೆ. ಯಾರೋ ಮಣಿಯ ಸುದ್ದಿ ತೆಗೆದರು. ಆಗ ಗಂಡನ ಅಕ್ಕ ಕಸ್ತೂರೆಮ್ಮ, ಹೋಳಿಗೆ ಮುರಿಯುತ್ತ, ಕೆಟ್ಟ ಮನಸ್ಸಿನಿಂದೇನೂ ಅಲ್ಲ, ಉಪ್ಪು ಕಡಿಮೆಯಾಗಿದೆ ಎಂದು ಹೇಳಿದಷ್ಟೇ ಸಹಜವಾಗಿ, "ಅದು ಹಡದಾಕಿಗಿ ಕಟ್ಟೂದುಬೇ. ಈಕಿಗಿ ಹಾಲು ಎಲ್ಲಿಂದ ಬರಬೇಕು?" ಎಂದಳು. ನಾಲ್ಕು ಮಂದಿ ನಕ್ಕರು. ಅತ್ತೆ ತಲೆ ಬಗ್ಗಿಸಿ ಎಲೆಯಡಿಕೆಯ ಚಂಚಿಯಲ್ಲಿ ಸುಣ್ಣದ ಡಬ್ಬಿ ಹುಡುಕುತ್ತಿದ್ದಳು. ದಾನೇಶ್ವರಿಯೂ ನಕ್ಕಳು, ನಕ್ಕು, ಎದ್ದು, ಎಲ್ಲರ ಹೋಳಿಗೆಗೂ ತುಪ್ಪ ಬಡಿಸಿದಳು.

ಅದಾಗಿ ವರ್ಷವಾಗುತ್ತ ಬಂದಿತ್ತು. ಈ ನಡುವೆ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಅತ್ತೆ ಸಿಂಧನೂರಿಗೆ ಬಂದು, ಆಪರೇಷನ್ನಿನ ಮೇಲೆ ಕರಿ ಕನ್ನಡಕ ಹಾಕಿಕೊಂಡು ಕೆಲವು ವಾರ ಇಲ್ಲೇ ಇದ್ದಳು. ಮಣಿ ಅವಳ ಚಂಚಿಯಲ್ಲಿತ್ತು. ಮಧ್ಯಾಹ್ನ ಅವಳು ಮಲಗಿದಾಗ ದಾನೇಶ್ವರಿ ಚಂಚಿಯ ಬಾಯಿ ಬಿಚ್ಚಿ ಮಣಿಯನ್ನು ದಾರದಿಂದ ತೆಗೆದು, ಹಸಿ ಕ್ಲೇಗೆ ಒತ್ತಿ ಅಚ್ಚು ತೆಗೆದುಕೊಂಡಳು. ಬಿಳಿಗೆ ತುಸು ಹಳದಿ, ತುಸು ಬೂದಿಬಣ್ಣ ಸೇರಿಸಿ, ಬಣ್ಣ ಕೂಡಲಿಲ್ಲವೆಂದು ಇನ್ನೊಂದು ಮಧ್ಯಾಹ್ನ, ಸುರುಳಿಯ ಗೆರೆ ಕೂಡಲಿಲ್ಲವೆಂದು ಮತ್ತೊಂದು ಮಧ್ಯಾಹ್ನ. ಯಾಕೆ ಮಾಡುತ್ತಿದ್ದೇನೆ ಎಂದು ತನಗೆ ತಾನೇ ಕೇಳಿಕೊಂಡರೆ ವ್ಯಾಪಾರಕ್ಕೆ ಎಂಬ ಉತ್ತರ ತಯಾರಿತ್ತು. ಆದರೆ ಬೆಂದು ಹೊರಬಂದ ಮಣಿಯನ್ನು ಅವಳು ಯಾರಿಗೂ ಮಾರಲಿಲ್ಲ, ಫೋಟೋ ತೆಗೆಯಲಿಲ್ಲ. ಬಚ್ಚಲಿನ ಕದ ಹಾಕಿಕೊಂಡು, ದಾರವಿಲ್ಲದ್ದಕ್ಕೆ ಬೆರಳಿನಿಂದಲೇ ಕೊರಳಿನ ಕುಳಿಗೆ ಒತ್ತಿಕೊಂಡು, ಕನ್ನಡಿಯಲ್ಲಿ ನೋಡಿಕೊಂಡಳು. ಚಂದವಾಗಿಯೇ ಇತ್ತು. ತಾನು ಮಾಡಿದ್ದರಲ್ಲೆಲ್ಲ ಚಂದ. ಅಳು ಬಂತು, ಅತ್ತಳು, ಮುಖ ತೊಳೆದುಕೊಂಡು ಬಂದು ರೊಟ್ಟಿ ಬಡಿದಳು. ಕೊನೆಯ ದಿನ ಎರಡು ಮಣಿಗಳನ್ನೂ ಅಂಗೈ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ನೋಡುತ್ತಿದ್ದಾಗ ಒಳಗಿನಿಂದ ಅತ್ತೆ, "ದಾನವ್ವ, ನೀರು ಕೊಡ" ಎಂದು ಕೂಗಿದ್ದಳು. ಗಡಿಬಿಡಿಯಲ್ಲಿ ಒಂದನ್ನು ದಾರಕ್ಕೆ ಏರಿಸಿ ಗಂಟು ಹಾಕಿ ಚಂಚಿಗೆ ತುರುಕಿದಳು, ಇನ್ನೊಂದನ್ನು ಡಬ್ಬಿಗೆ ಎಸೆದಳು. ಅಸಲಿಯನ್ನೇ ಏರಿಸಿದೆ ಎಂದು ಅವತ್ತು ಖಾತ್ರಿಯಿತ್ತು. ಇವತ್ತು ಆ ಖಾತ್ರಿ ಹಲ್ಲಿನ ಮೇಲೆ ಟಕ್ ಎಂದು ಮುರಿದುಬಿತ್ತು.

ಗಂಡ ವೀರೇಂದ್ರ ಬೆಳಿಗ್ಗೆಯೇ ಮೋಟಾರು ರಿಪೇರಿಗೆಂದು ದಢೇಸುಗೂರಿನ ಕಡೆ ಹೋಗಿದ್ದ. ಫೋನು ಮಾಡಿದರೆ ಒಳ್ಳೆಯ ಮನುಷ್ಯ, ಇರಲಿ ಬಿಡು ಎನ್ನುತ್ತಾನೆ. ಇರಲಿ ಬಿಡು ಎನ್ನಿಸಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ. ಅವಳ ಕಣ್ಣೆದುರಿಗೆ ಬರುತ್ತಿದ್ದದ್ದು ಒಂದೇ: ಹಸುಗೂಸಿನ ತುಟಿ, ಅದರ ಮೇಲೆ ಹಾಲಿನಲ್ಲಿ ಅದ್ದಿದ ಪ್ಲಾಸ್ಟಿಕ್ಕು, ಸುರುಳಿಯ ಗೆರೆಯೊಳಗೆ ತಾನು ತುಂಬಿದ ಕಂದುಬಣ್ಣ. ಕೂಸಿಗೆ ಏನಾದರೂ ಆದರೆ, ಐಶ್ವರ್ಯಳಿಗೆ ಹಾಲು ಕಡಿಮೆಯಾದರೆ, ನಕಲಿಯೆಂದು ಗೊತ್ತಾದರೆ, ಯಾರೂ ಗಡಿಬಿಡಿ ಎನ್ನುವುದಿಲ್ಲ. ಹಡೆಯದಾಕೆ ಹೊಟ್ಟೆಕಿಚ್ಚಿಗೆ ಮಾಡಿದಳು ಎನ್ನುತ್ತಾರೆ. ಪ್ರಿಯಾಂಕಾಳನ್ನೂ ಸೇರಿಸಿಯೇ ಎನ್ನುತ್ತಾರೆ. ಆಮೇಲೆ ಆ ಮನೆಗಳ ಯಾವ ಮಣೆಯ ಮೇಲೂ ತನ್ನ ಮಗಳಿಗೆ ಜಾಗವಿರುವುದಿಲ್ಲ. ಇದೆಲ್ಲಕ್ಕಿಂತ ಕೆಟ್ಟದ್ದು ಬೇರೆ ಇತ್ತು: ಗಡಿಬಿಡಿಯೇ ಹೌದೋ ಅಲ್ಲವೋ ಎಂದು ಅವಳಿಗೇ ಗೊತ್ತಿರಲಿಲ್ಲ. ಕೈಗೆ ಅಷ್ಟು ಪರಿಚಯವಿದ್ದ ತಣ್ಣನೆಯ ಕಲ್ಲನ್ನು ಕೈ ಹೇಗೆ ಮರೆಯುತ್ತದೆ? ಟ್ರಂಕಿನಿಂದ ಸೀರೆ ತೆಗೆಯುವಾಗ ಗಿಳಿಹಸಿರಿನದೇ ಕೈಗೆ ಬಂತು. ಒಳ ಅಂಚಿನಲ್ಲಿ ಎಳೆಗಳು ಕಿತ್ತುಹೋಗಿ ಒಂದು ಬೆರಳಿನಷ್ಟು ಅಗಲ ಜಾಳುಜಾಳಾಗಿತ್ತು. ಇಲಿಯನ್ನು ಬೈದು, ಆ ಭಾಗವನ್ನು ಸೊಂಟದೊಳಗೆ ಸಿಕ್ಕಿಸಿ, ಮಗಳನ್ನು ಎತ್ತಿಕೊಂಡು ಬಸ್ ನಿಲ್ದಾಣಕ್ಕೆ ನಡೆದಳು.

ಬಸ್ಸು ಊರು ಬಿಟ್ಟ ಮೇಲೆ ಕಾಲುವೆಯ ನೀರು, ಗದ್ದೆಯ ಹಸಿರು, ಆಮೇಲೆ ಹಸಿರು ನಿಂತು ಹತ್ತಿ, ತೊಗರಿ, ಕೆಂಪು ನೆಲ. ಪ್ರಿಯಾಂಕಾ ಕಿಟಕಿಯ ಸರಳನ್ನು ನೆಕ್ಕುತ್ತಿದ್ದಳು. ಮಣಿ ಕರವಸ್ತ್ರದ ಗಂಟಿನಲ್ಲಿ, ಗಂಟು ರವಿಕೆಯೊಳಗೆ, ಅಲ್ಲಿಯೂ ತಣ್ಣಗೇ ಇತ್ತು. ಪಕ್ಕದಲ್ಲಿ ಕೂತಿದ್ದ ಸಾಲಗುಂದದ ಮುದುಕಿ ಕೂಸಿನ ಕೆನ್ನೆ ಹಿಂಡಿ, "ಯಾರ ಹಾಂಗ ಅದಾಳಬೇ? ನಿನ್ನ ಹಾಂಗಂತೂ ಇಲ್ಲ" ಎಂದಳು. "ಅವರಪ್ಪನ ಹಾಂಗರೀ" ಎಂದಳು ದಾನೇಶ್ವರಿ. ಎಲ್ಲರಿಗೂ ಹೇಳುವ ಉತ್ತರ ಅದೇ. ಸಂತೆಯಲ್ಲಿ, ದವಾಖಾನೆಯಲ್ಲಿ, ಮಠದಲ್ಲಿ ಹೇಳಿ ಹೇಳಿ ಅದಕ್ಕೂ ಒಂದು ಹೊಳಪು ಬಂದಿತ್ತು, ಹಳೆ ಜೀನ್ಸ್ ಬಟ್ಟೆಯಲ್ಲಿ ತಿಕ್ಕಿದ ಕ್ಲೇ ಮಣಿಗೆ ಬರುವ ಹಾಗೆ. ಮುದುಕಿ ಸೆರಗಿನ ತುದಿಯ ಗಂಟು ಬಿಚ್ಚಿ ಪುಟಾಣಿ ಕಡಲೆ ತೆಗೆದು ಕೂಸಿನ ಬಾಯಿಗೆ ಒಂದೊಂದೇ ಕೊಟ್ಟಳು. ಕೊಡುವಾಗ ಪ್ರತಿ ಸಲ ತಾನೂ ಬಾಯಿ ತೆರೆಯುತ್ತಿದ್ದಳು. ದಾನೇಶ್ವರಿಗೆ ಅವಳ ಮೇಲೆ ಬಂದಿದ್ದ ಸಿಟ್ಟು ಅಲ್ಲೇ ಕರಗಿ ಎದೆ ತುಂಬಿಬಂತು. ಇಂಥದ್ದು ಈಚೆಗೆ ಅವಳಿಗೆ ಬಹಳ ಆಗುತ್ತಿತ್ತು. ಕೂಸು ಬರಲಿ ಎಂದು ಹೆಸರು ಬರೆಸಿ ವರ್ಷಗಟ್ಟಲೆ ಕಾದ ಕಾಲದಲ್ಲಿ ಕೈಗೆ ಏನಾದರೂ ಬೇಕೆಂದು, ಫೋನಿನಲ್ಲಿ ನೋಡಿ ನೋಡಿ ಈ ಕ್ಲೇ ಕೆಲಸ ಕಲಿತಳು. ಹಿಟ್ಟು ನಾದುವ ಕೈಗೆ ಅದು ಬೇಗ ಒಲಿಯಿತು. ಆ ವರ್ಷಗಳಲ್ಲಿ ತನ್ನನ್ನು ಹುಚ್ಚಿಯಾಗದಂತೆ ಹಿಡಿದದ್ದು ಈ ಪ್ಲಾಸ್ಟಿಕ್ ಹಿಟ್ಟೇ ಎಂದು ಅದಕ್ಕೂ ಅವಳು ಮನಸ್ಸಿನಲ್ಲಿ ಕೈಮುಗಿಯುತ್ತಿದ್ದಳು. ಋಣ ಅಷ್ಟಿರುವಾಗ ಅದೇ ಹಿಟ್ಟಿನಿಂದ ಇಂಥ ಕೆಲಸ. ಮಸ್ಕಿಯಲ್ಲಿ ಬಸ್ಸು ನಿಂತಾಗ ಗುಡ್ಡ ಕಂಡಿತು. ಅತ್ತೆಯ ಮನೆ ನಿಲ್ದಾಣದಿಂದ ಕೂಗಳತೆ. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಸ್ಸಿನ ನೆಲ ನೋಡುತ್ತ ಕೂತಳು.

ಲಿಂಗಸುಗೂರಿನಲ್ಲಿ ಕಸ್ತೂರೆಮ್ಮ ಬಾಗಿಲಲ್ಲೇ ಚೊಂಬಿನಲ್ಲಿ ನೀರು ಕೊಟ್ಟಳು. "ಫೋನ್ ಇಲ್ಲ ಏನಿಲ್ಲ, ಹಿಂಗ ಬಂದೀಯಲ್ಲ. ಭಾಳ ಛಲೋ ಆತು. ಕೈಕಾಲು ತೊಳಕೊಂಡು ಒಳಗ ಹೋಗು. ಈಕಿ ಇಲ್ಲೇ ಪಡಸಾಲ್ಯಾಗ ಇರಲಿ, ಹಸಗೂಸು ಐತಿ ಒಳಗ." ಸರಿಯಾದ ಮಾತೇ, ಯಾವ ಮಗುವಾದರೂ ಹಾಗೇ ಹೇಳುತ್ತಿದ್ದಳು. ಆದರೂ ದಾನೇಶ್ವರಿಗೆ ಚುಚ್ಚಿತು. ಚುಚ್ಚಿಸಿಕೊಳ್ಳಲು ಅವಳು ತಯಾರಾಗಿಯೇ ಬಂದಿದ್ದಳಲ್ಲ. ಒಳಗೆ ಲೋಬಾನದ ಹೊಗೆ, ತಲೆಗೆ ಬಟ್ಟೆ ಕಟ್ಟಿಕೊಂಡ ಐಶ್ವರ್ಯ, ಅವಳ ಮಗ್ಗುಲಲ್ಲಿ ಕುಂಚಿಗೆಯೊಳಗೆ ಕೂಸಿನ ಕೆಂಪು ಮುಖ. ಕರಿದಾರದಲ್ಲಿ ಮಣಿ ಎದೆಯ ಮೇಲಿತ್ತು. ದೂರದಿಂದಲೇ ಗುರುತು ಹತ್ತಿತು: ತನ್ನದೇ, ತಾನು ಸುತ್ತಿದ ಸುರುಳಿ, ಬಾಲದ ಹತ್ತಿರ ಬ್ಲೇಡು ತುಸು ಜಾರಿದ ಗೆರೆ. ಅಷ್ಟು ಭಯದಲ್ಲೂ, ಇಲ್ಲಿ ಎಷ್ಟು ಚಂದ ಕಾಣುತ್ತದೆ ಎಂದು ಒಂದು ಕ್ಷಣ ಅನ್ನಿಸಿದ್ದಕ್ಕೆ ತನ್ನನ್ನು ತಾನೇ ಬೈದುಕೊಂಡಳು. "ಹಾಲು?" ಎಂದಳು. "ಏನ್ ಕೇಳ್ತಿ ಅತ್ತಿ, ರವಿಕಿ ತಡಿಯಂಗಿಲ್ಲ" ಎಂದು ಐಶ್ವರ್ಯ ನಕ್ಕಳು. ಕೂಸಿನ ಬಾಯಿ, ತುಟಿ? ಅದೂ ಚೆನ್ನಾಗಿತ್ತು, ನಿದ್ದೆಯಲ್ಲೂ ಚೀಪುತ್ತಿತ್ತು. ಹೊರಗಿನಿಂದ ಕಸ್ತೂರೆಮ್ಮನ ದನಿ ಬಂತು: "ಅವ್ವಗ ಕಣ್ಣು ಬಂದಾವು, ಬುದ್ಧಿ ಹೋಗೈತಿ. ಈ ಸಲ ಮಣಿ ಹಾಲಾಗ ಅದ್ದಬ್ಯಾಡ, ಕೂಸಿನ ಬಾಯಿಗಿ ಮುಟ್ಟಸಬ್ಯಾಡ, ಸುಮ್ನ ಕಟ್ಟು ಅಂತ ಫೋನಿನ್ಯಾಗ ಒಂದೇ ಸವನ ಹೇಳಿದ್ಲು. ಹಿಂಗ ಎಂದರ ಆಗೈತೇನು?" ದಾನೇಶ್ವರಿ ಬಗ್ಗಿ ಕೂಸಿನ ತುಟಿಯನ್ನು ಇನ್ನೊಮ್ಮೆ ನೋಡಿದಳು. ಮುಟ್ಟಿಸಿಲ್ಲ. ಮುಟ್ಟಿಸಿಯೇ ಇಲ್ಲ. ಯಾವ ದೇವರಿಗೆ ಮೊದಲು ಹೇಳಬೇಕೋ ತಿಳಿಯದೆ, ಅತ್ತೆಯ ಮರೆವಿಗೇ ಮನಸ್ಸಿನಲ್ಲಿ ಶರಣೆಂದಳು.

ಅಷ್ಟರಲ್ಲಿ ನೀರು ಕಾದಿತ್ತು. ಐಶ್ವರ್ಯ ಎಣ್ಣೆಸ್ನಾನಕ್ಕೆ ಹೋಗುವಾಗ ದಾರವನ್ನು ತಲೆಯ ಮೇಲಿಂದ ತೆಗೆದು, "ಹಿಡಕೋ ಅತ್ತಿ, ನೆಲಕ್ಕ ಇಡಬ್ಯಾಡ" ಎಂದು ಅವಳ ಕೈಗೇ ಕೊಟ್ಟಳು. ಇಷ್ಟು ಸುಲಭವಾಗಿ ಸಿಗುತ್ತದೆಂದು ಅವಳು ಎಣಿಸಿರಲಿಲ್ಲ. ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು, ಪಡಸಾಲೆಯಲ್ಲಿ ಪ್ರಿಯಾಂಕಾಳ ನಗು, ಕೋಣೆಯಲ್ಲಿ ಅವಳು ಮತ್ತು ನಿದ್ದೆಯ ಕೂಸು. ಬಲಗೈಯಲ್ಲಿ ಕರವಸ್ತ್ರದ ಕಲ್ಲು, ಎಡಗೈಯಲ್ಲಿ ದಾರ. ಒಂದು ಗಂಟು ಬಿಚ್ಚಿ ಒಂದು ಗಂಟು ಹಾಕಿದರೆ ಯಾರಿಗೂ ಏನೂ ತಿಳಿಯುವುದಿಲ್ಲ, ಸಂಜೆಗೆ ಮನೆ ಸೇರಿ ಅಚ್ಚನ್ನು ಮುರಿದು ಹಾಕಬಹುದು. ದಾರ ನೂರು ಬಾಣಂತಿಯರ ಎಣ್ಣೆ ಅರಿಸಿನ ಕುಡಿದು ತೊಗಲಿನ ಹಾಗೆ ಆಗಿತ್ತು. ತಾನು ತಂದಿದ್ದ ಮಣಿ ಪೋಣಿಸುವ ಸೂಜಿಯನ್ನು ಗಂಟಿನೊಳಗೆ ಹೊಗಿಸಿ ಸಡಿಲು ಮಾಡಲು ನೋಡಿದಳು. ಅಲುಗಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದಳು. ಅದು ಅವಳು ಹಾಕಿದ ಗಂಟಾಗಿರಲಿಲ್ಲ. ಅವಳು ಅವತ್ತು ಗಡಿಬಿಡಿಯಲ್ಲಿ ಒಂದರ ಮೇಲೊಂದು ದಪ್ಪಗೆ ಹಾಕಿದ್ದಳು. ಇದು ಚಪ್ಪಟೆ, ಸಣ್ಣದು, ಬಾಯಲ್ಲಿ ಒದ್ದೆ ಮಾಡಿ ಹಲ್ಲಿನಿಂದ ಎಳೆದು ಕೂರಿಸಿದ ಗಂಟು. ಅತ್ತೆ ತನ್ನ ಕೊರಳ ಲಿಂಗದ ಶಿವದಾರಕ್ಕೆ ಹಾಕಿಕೊಳ್ಳುವ ಗಂಟು, ಮನೆಯಲ್ಲಿ ಬೇರೆ ಯಾರಿಗೂ ಬಾರದ್ದು. ದಾನೇಶ್ವರಿ ಅದನ್ನು ನೋಡುತ್ತಲೇ ಕೂತಳು. ಅತ್ತೆ ಈ ದಾರವನ್ನು ಬಿಚ್ಚಿದ್ದಾಳೆ. ಬಿಚ್ಚಿ, ಮಣಿಯನ್ನು ಕೈಯಲ್ಲಿ ಹಿಡಿದು, ಮತ್ತೆ ಕಟ್ಟಿದ್ದಾಳೆ. ಅರವತ್ತು ವರ್ಷ ಆ ಕಲ್ಲನ್ನು ಹಿಡಿದ ಬೆರಳಿಗೆ ತಣ್ಣಗಿದೆಯೋ ಇಲ್ಲವೋ ತಿಳಿಯದೇ ಹೋಯಿತೆ? ಹಾಗಾದರೆ ಅವಳಿಗೆ ಗೊತ್ತು. ಗೊತ್ತಿದ್ದೂ ಒಂದು ಮಾತೂ ಆಡದೆ ಮಸ್ಕಿಗೆ ಹೋದಳು. ಇದು ಸಮಾಧಾನವೋ ಹೊಸ ಭಯವೋ ತಿಳಿಯಲಿಲ್ಲ, ಅತ್ತೆಯನ್ನು ಕೇಳದೆ ಇನ್ನು ಏನನ್ನೂ ಬದಲಿಸುವಂತಿಲ್ಲ ಎಂದಷ್ಟೇ ತಿಳಿಯಿತು. ಐಶ್ವರ್ಯ ಮಿಂದು ಬಂದು ಕೊರಳು ಚಾಚಿದಾಗ ಅವಳೇ ನಕಲಿಯನ್ನು ಹಾಕಿ, ಸರಿಮಾಡಿ, ಕಲ್ಲನ್ನು ಮತ್ತೆ ರವಿಕೆಯೊಳಗೆ ಇಟ್ಟುಕೊಂಡಳು. ಹೊರಗೆ ಬಂದರೆ ಕಸ್ತೂರೆಮ್ಮ ಪ್ರಿಯಾಂಕಾಳನ್ನು ಮೊಣಕಾಲ ಮಧ್ಯೆ ಹಿಡಿದುಕೊಂಡು ಎಣ್ಣೆ ಹಚ್ಚಿ ಎರಡು ಜುಟ್ಟು ಕಟ್ಟಿದ್ದಳು. "ತಲಿ ನೋಡ, ಹುಲ್ಲಿನ ಬಣವಿ ಮಾಡಿ ಇಟ್ಟೀದಿ" ಎಂದು ಗದರಿದಳು. ಆ ಜುಟ್ಟುಗಳು ಬಹಳ ಅಚ್ಚುಕಟ್ಟಾಗಿದ್ದವು.

ಮಸ್ಕಿಯಲ್ಲಿ ಇಳಿದಾಗ ಬಿಸಿಲು ಇಳಿಮುಖವಾಗಿತ್ತು. ವೀರಭದ್ರಮ್ಮ ಕಟ್ಟೆಯ ಮೇಲೆ ಕಾಲು ಚಾಚಿಕೊಂಡು, ಕರಿ ಕನ್ನಡಕವನ್ನು ಹಣೆಯ ಮೇಲೇರಿಸಿ, ತೊಡೆಯ ಮೇಲೆ ಏನನ್ನೋ ಹೊಸೆಯುತ್ತಿದ್ದಳು. ಸೊಸೆಯನ್ನು ಕಂಡು ಅದನ್ನು ಸೆರಗಿನೊಳಗೆ ಸರಿಸಿದಳು. ಪ್ರಿಯಾಂಕಾ ನೇರ ಹೋಗಿ ಅಜ್ಜಿಯ ತೊಡೆಯೇರಿದಳು. ದಾನೇಶ್ವರಿ ನಿಂತೇ ಇದ್ದಳು. ಕರವಸ್ತ್ರದ ಗಂಟು ಬಿಚ್ಚಿ ಕಲ್ಲನ್ನು ಅತ್ತೆಯ ಮುಂದೆ ಕಟ್ಟೆಯ ಮೇಲಿಟ್ಟಳು.

"ನಾ ತಪ್ಪು ಮಾಡೀನ್ರಿ ಅತ್ತಿ."

"ಏನ್ ಮಾಡೀದಿ?"

"ನಿಮ್ಮ ಚಂಚ್ಯಾಗಿನ ಮಣಿ ತಗೊಂಡು ಅದರಂಗ ಇನ್ನೊಂದು ಮಾಡಿದೆ. ಕಟ್ಟಾಗ ಅದ್ಲು ಬದ್ಲು ಆತು. ಐಶ್ವರ್ಯಾನ ಕೊಳ್ಳಾಗ ಇರೂದು ಹಿಟ್ಟಿಂದು."

ವೀರಭದ್ರಮ್ಮ ಕಲ್ಲನ್ನು ಮುಟ್ಟಲಿಲ್ಲ. ಮೊಮ್ಮಗಳ ಜುಟ್ಟನ್ನು ಬೆರಳಿಂದ ಆಡಿಸುತ್ತ, "ನೀ ಬರೋಬ್ಬರಿ ಕಟ್ಟಿದ್ದಿ. ಅದ್ಲು ಬದ್ಲು ಮಾಡಿದಾಕಿ ನಾನ" ಎಂದಳು.

ರಸ್ತೆಯಲ್ಲಿ ಹತ್ತಿ ಹೇರಿದ ಟ್ರ್ಯಾಕ್ಟರು ಹೋಯಿತು. ಅದರ ಸದ್ದು ಅಡಗಿದ ಮೇಲೆ ವೀರಭದ್ರಮ್ಮನೇ ಮುಂದುವರಿಸಿದಳು.

"ನಿದ್ದಿ ಮಾಡಾಕತ್ತಾಳ ಅಂತ ತಿಳಕೊಂಡಿದ್ದಿ ನೀ. ಡಾಕ್ಟ್ರು ಕಣ್ಣು ಮಾಡಿಕೊಟ್ಟಿದ್ರು, ಹೊಸಾ ಕಣ್ಣು, ಎಷ್ಟು ದಿನ ಮುಚ್ಚಿಕೊಂಡು ಬೀಳಲಿ? ಕನ್ನಡಕದಾಗಿಂದ ಎಲ್ಲಾ ನೋಡೀನಿ. ಚಂಚಿ ಬಿಚ್ಚಿದ್ದೂ ನೋಡೀನಿ, ಬಚ್ಚಲದಾಗ ಅತ್ತು ಬಂದ ಮಾರಿನೂ ನೋಡೀನಿ. ನೀ ಬಜಾರಕ್ಕ ಹೋದಾಗ ಡಬ್ಬಿ ಸುರುವಿ ನಿನ್ನ ಮಣಿ ಹುಡಿಕಿ ತಗದು, ನಂದು ಅದರಾಗ ಹಾಕಿದೆ. ನಮ್ಮವ್ವನ ಮ್ಯಾಲೆ ಆಣಿ, ಅಷ್ಟು ಚಂದ ಮಾಡೀದಿ, ಕಣ್ಣಿಗಿ ಗೊತ್ತಾಗಲಿಲ್ಲ. ಬೆರಳಿಗಿ ಗೊತ್ತಾತು."

"ಯಾಕ್ರೀ ಅತ್ತಿ?"

ವೀರಭದ್ರಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಸರಿಯಾಗಿ ಕೂರಿಸಿಕೊಂಡಳು. "ಅವತ್ತ ಕಸ್ತೂರಿ ಅಂದಾಗ ನಾ ಬಾಯಿ ಬಿಡಬೇಕಾಗಿತ್ತು. ಮಣಿ ನಂದು, ಮಾತು ನಂದು. ನಾಕ ಮಂದಿ ಮುಂದ ಮಗಳಿಗಿ ಎದರಾಡಾಕ ಧೈರ್ಯ ಸಾಲಲಿಲ್ಲ. ಸುಣ್ಣದ ಡಬ್ಬಿ ಕೈಯಾಗ ಇತ್ತು, ಇದ್ರೂ ಹುಡುಕಿದಂಗ ಮಾಡಿದೆ. ನೀ ಎದ್ದು ತುಪ್ಪ ಬಡಿಸಿದಿ ನೋಡು, ಆ ತುಪ್ಪ ನನಗ ಇನ್ನೂ ಕರಗಿಲ್ಲ." ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡಳು. "ಐಶ್ವರ್ಯಾಗ ಮಣಿ ಯಾಕ? ಆಕಿಗಿ ಹಾಲು ಐತಿ, ತಾಯಿ ಅನ್ನಾಕ ಊರ ಮಂದಿ ಐತಿ. ಯಾರಿಗಿ ಇಲ್ಲೋ ಅವರಿಗಿ ಬೇಕು. ಹೊಸಾ ದಾರ ಮಾಡಿ ಕಳಸಿ ಎಲ್ಲಾ ಹೇಳಬೇಕು ಅಂತ ಇದ್ದೆ, ಅಷ್ಟರಾಗ ನೀನ ಬಂದಿ."

ಸೆರಗಿನೊಳಗಿಂದ ಅವಳು ಹೊರತೆಗೆದ ದಾರ ಗಿಳಿಹಸಿರಾಗಿತ್ತು. ದಾನೇಶ್ವರಿ ದಾರವನ್ನು ನೋಡಿದಳು, ಆಮೇಲೆ ತನ್ನ ಸೊಂಟದ ಕಡೆ ನೋಡಿಕೊಂಡಳು. ಕೂಸನ್ನು ಮನೆಗೆ ತಂದ ಸೀರೆ. ಎಳೆಯೆಳೆಯಾಗಿ ಬಿಡಿಸಿ, ಮೂರನ್ನು ಒಂದು ಮಾಡಿ ಹೊಸೆದದ್ದು. ಬೆಳಿಗ್ಗೆ ಇಲಿಗೆ ಬೈದ ಬೈಗುಳವೆಲ್ಲ ನೆನಪಾಗಿ ನಗು ಬಂತು, ನಗು ಅರ್ಧಕ್ಕೆ ಅಳುವಾಯಿತು. ಅವಳು ಕಟ್ಟೆಯ ಕೆಳಗೆ, ಅತ್ತೆಯ ಕಾಲ ಹತ್ತಿರ ಕೂತಳು. ಬಸ್ಸಿನ ಮುದುಕಿಯ ಮಾತು ಯಾಕೋ ಈಗ ಹೇಳಬೇಕೆನ್ನಿಸಿತು, ಹೇಳಿದಳು.

"ನೀ ಏನಂದಿ?"

"ಅವರಪ್ಪನ ಹಾಂಗ ಅಂದೆ."

"ಅವರಜ್ಜಿ ಹಾಂಗ ಅದಾಳ ಅನ್ನಾಕ ಏನಾಗಿತ್ತು ನಿನಗ?" ವೀರಭದ್ರಮ್ಮ ನಿಜವಾಗಿಯೂ ಸಿಟ್ಟಾಗಿದ್ದಳು. "ನೋಡಿಲ್ಲಿ, ಸಿಟ್ಟು ಬಂದ್ರ ಮೂಗು ಹೆಂಗ ಅಗಲ ಮಾಡ್ತಾಳ. ಒಳಗ ಹೋಗು, ಬಟ್ಟಲದಾಗ ಹಾಲು ತಾ."

ಅಡುಗೆಮನೆಯಲ್ಲಿ ದಾನೇಶ್ವರಿ ಬಟ್ಟಲಿಗೆ ಹಾಲು ಬಗ್ಗಿಸಿಕೊಂಡಳು. ಇಷ್ಟನ್ನು ಯಾವ ಜನ್ಮದಲ್ಲಿ ತೀರಿಸಲಿ ಎಂದುಕೊಂಡಳು. ತೀರಿಸುವುದು ಬೇಡ, ಇದು ಹೀಗೇ ಮೈಮೇಲಿರಲಿ ಎಂದೂ ಅನ್ನಿಸಿತು. ಹೊರಗೆ ಬಂದಾಗ ಅತ್ತೆ ಕಲ್ಲನ್ನು ಹಸಿರು ದಾರಕ್ಕೆ ಏರಿಸಿ, ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಹಲ್ಲಿನಿಂದ ಎಳೆದು ಗಂಟು ಕೂರಿಸುತ್ತಿದ್ದಳು. "ನಾ ಇರೂತನಕ ರವಿಕಿ ಒಳಗ ಇಟ್ಟುಕೋ. ಕಸ್ತೂರಿನೂ ನನ್ನ ಮಗಳ, ಆಕಿಗಿ ನೋವು ಮಾಡಾಕ ಈಗಲೂ ಧೈರ್ಯ ಇಲ್ಲ ನನಗ. ನಾ ಹೋದ ಮ್ಯಾಲೆ ಹೊರಗ ಹಾಕ್ಕೋ. ಯಾರರ ಕೇಳಿದ್ರ, ಅತ್ತಿ ಕಟ್ಯಾಳ ಅನ್ನು." ಮಣಿಯನ್ನು ಬಟ್ಟಲಿನ ಹಾಲಿನಲ್ಲಿ ಅದ್ದಿದಳು. ಸುರುಳಿಯ ಗೆರೆಯಲ್ಲಿ ಹಾಲು ತುಂಬಿ ಒಂದು ಹನಿ ಕೆಳಗೆ ನಿಂತಿತು. ಮೊದಲು ಕೂಸಿಗೆ, ಆಮೇಲೆ ತಾಯಿಗೆ. ತುಟಿಗೆ ಮುಟ್ಟಿಸಲು ಹೋದರೆ ಪ್ರಿಯಾಂಕಾ ಹಸುಗೂಸಲ್ಲವಲ್ಲ, ಬಾಯಿ ಅಗಲ ತೆರೆದು ಹೊಸ ಹಲ್ಲುಗಳಿಂದ ಮಣಿಯನ್ನು ಕಚ್ಚಿಯೇಬಿಟ್ಟಳು.

ಟಕ್ ಎಂದಿತು.

ಮಗು ಮುಖ ಹಿಂಡಿಕೊಂಡು, ಮಣಿಯನ್ನು ಬಿಡದೆಯೇ, ತಾಯಿಯ ಕಡೆ ನೋಡಿತು.